ಮನೆಗೆ ಬಂದ ಪಿಸ್ತೂಲು

ಮನೆಯಲ್ಲೊಂದು ಪಿಸ್ತೂಲು ಇರಬೇಕು ಎಂದು ಯಶವಂತ್‌ಗೆ ಅನ್ನಿಸಿದ್ದು ಕಳ್ಳರು ಬಂದು ಹೋದ ಮೇಲೆ. ಒಡವೆ ಹೋಯಿತು ಎಂಬುದಕ್ಕಲ್ಲ. ಕಳ್ಳರು ಬಂದಾಗ ಮಗಳು ಮನೆಯಲ್ಲಿದ್ದಳು.

ಅದು 2021ರ ದೀಪಾವಳಿಯ ಸಮಯ. ಅಮೆರಿಕದ ಫೋರ್ಟ್ ಮಿಲ್‌ನ ಕನ್ನಡದವರೆಲ್ಲ ಸೇರಿ ಪಕ್ಕದ ಷಾರ್ಲೆಟ್‌ನ ಒಂದು ಸ್ಕೂಲಿನಲ್ಲಿ ಹಬ್ಬ ಇಟ್ಟುಕೊಂಡಿದ್ದರು. ಯಶವಂತ್ ಮತ್ತು ಹರಿಣಿ ಹೋಗಿದ್ದರು. ಎಂಟನೇ ಕ್ಲಾಸಿನ ಶ್ರಾವಣಿ ನೆಗಡಿ ಎಂದು ಮನೆಯಲ್ಲೇ ಉಳಿದಿದ್ದಳು. ಸಂಜೆ ಹಿಂಬದಿಯ ಗಾಜಿನ ಬಾಗಿಲು ಒಡೆದು ಇಬ್ಬರು ಒಳಗೆ ಬಂದರು. ಹಬ್ಬದ ದಿನ ಇಂಡಿಯನ್ನರ ಮನೆಗಳು ಖಾಲಿ ಇರುತ್ತವೆ, ಕಪಾಟಿನಲ್ಲಿ ಚಿನ್ನ ಇರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಶ್ರಾವಣಿ ಮಹಡಿಯ ಮೇಲೆ ತನ್ನ ಕೋಣೆಯ ಬಟ್ಟೆ ಇಡುವ ಕ್ಲಾಸೆಟ್‌ನಲ್ಲಿ, ಒಗೆಯುವ ಬಟ್ಟೆಯ ಬುಟ್ಟಿಯ ಹಿಂದೆ ಮುದುಡಿ ಕೂತು ಅಮ್ಮನಿಗೆ ಮೆಸೇಜ್ ಮಾಡಿದಳು. ಹರಿಣಿಯ ಫೋನು ಬ್ಯಾಗಿನಲ್ಲಿತ್ತು. ವೇದಿಕೆಯ ಮೇಲೆ ಮಕ್ಕಳ ಕೋಲಾಟ ನಡೆಯುತ್ತಿತ್ತು. ಅವಳು ಫೋನು ತೆಗೆದು ನೋಡುವಷ್ಟರಲ್ಲಿ ಮಗಳು ಹನ್ನೆರಡು ಮೆಸೇಜ್ ಕಳಿಸಿದ್ದಳು. ಕೊನೆಯದರಲ್ಲಿ ಇದ್ದದ್ದು 'ಅಮ್ಮ' ಅಂತ ಮಾತ್ರ.

ಪೊಲೀಸರು ಬಂದಾಗ ಕಳ್ಳರು ಹೋಗಿಯಾಗಿತ್ತು. ಶ್ರಾವಣಿಗೆ ಏನೂ ಆಗಿರಲಿಲ್ಲ. ಆದರೆ ಕಳ್ಳರಲ್ಲೊಬ್ಬ ಅವಳ ಕೋಣೆಗೆ ಬಂದು, ಕ್ಲಾಸೆಟ್ಟಿನ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಶಿಳ್ಳೆ ಹಾಕುತ್ತಾ ಹೊರಟುಹೋಗಿದ್ದನಂತೆ. ಆಮೇಲೆ ಬಹಳ ದಿನ ಅವಳು ಒಬ್ಬಳೇ ಮಹಡಿ ಹತ್ತುತ್ತಿರಲಿಲ್ಲ. "ಐಯಾಮ್ ಫೈನ್, ಅಪ್ಪ" ಎನ್ನುತ್ತಿದ್ದಳು. ಯಾರಾದರೂ ಶಿಳ್ಳೆ ಹಾಕಿದರೆ ಮುಖ ಬಿಳಿಚಿಕೊಳ್ಳುತ್ತಿತ್ತು.

ಯಶವಂತ್ ಮೈಸೂರಿನ ಕುವೆಂಪುನಗರದವನು. ಷಾರ್ಲೆಟ್‌ನ ಒಂದು ಬ್ಯಾಂಕಿನಲ್ಲಿ ಡೇಟಾಬೇಸ್ ಕೆಲಸ. ಮೆತ್ತಗಿನ ಮನುಷ್ಯ, ರಸ್ತೆಯಲ್ಲಿ ಯಾರಾದರೂ ಹಾರ್ನ್ ಹೊಡೆದರೆ ಇವನೇ ಸಾರಿ ಎಂದು ಕೈ ಎತ್ತುವಂಥವನು. ಬಾಗಿಲಿಗೆ ಹೊಸ ಲಾಕ್ ಹಾಕಿಸಿದ, ಕ್ಯಾಮೆರಾ ಹಾಕಿಸಿದ. ಆದರೂ ಅವನಿಗೆ ಸಮಾಧಾನ ಆಗಲಿಲ್ಲ.

"ನಾನು ಮನೇಲಿದ್ದಿದ್ರೂ ಏನ್ ಮಾಡ್ತಿದ್ದೆ ಹೇಳು, ಹರಿಣಿ?" ಎಂದು ಒಂದು ದಿನ ಕಾಫಿ ಕುಡಿಯುತ್ತಾ ಕೇಳಿದ. "ಅವರ ಮುಂದೆ ಕೈ ಮುಗಿದು ನಿಲ್ತಿದ್ದೆ, ಅಷ್ಟೇ."

"ಅಷ್ಟು ಸಾಕಿತ್ತು. ಅವಳ ಜೊತೆ ಇರ್ತಿದ್ರಲ್ಲ."

"ಸಾಕಾಗಲ್ಲ" ಎಂದ.

ಹರಿಣಿ ರಾಕ್ ಹಿಲ್‌ನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ದಿನವಿಡೀ ಬೇರೆಯವರ ಭುಜ, ಸೊಂಟ, ಮಂಡಿ ಹಿಡಿದು ಎಲ್ಲಿ ನೋವಿದೆ ಎಂದು ಹುಡುಕುವುದು ಅವಳ ಕೆಲಸ. ಗಂಡನ ನೋವು ಎಲ್ಲಿದೆ ಎಂಬುದು ಅವಳಿಗೆ ಕಾಣುತ್ತಿತ್ತು. ಪಿಸ್ತೂಲು ಅದಕ್ಕೆ ಔಷಧಿಯಲ್ಲ ಎಂದೂ ಅನ್ನಿಸುತ್ತಿತ್ತು. ಮೂರು ತಿಂಗಳು ಬೇಡ ಎಂದಳು. ಕೊನೆಗೆ ಒಂದು ಷರತ್ತು ಹಾಕಿದಳು.

"ಅದು ಮನೆಗೆ ಬರೋದಾದ್ರೆ ನಾನೂ ಕಲೀಬೇಕು. ನನಗೆ ಗೊತ್ತಿಲ್ಲದ ವಸ್ತು ನನ್ನ ಮನೇಲಿ ಇರೋದು ಬೇಡ."

ಅಂಗಡಿ ಹೈವೇ ಪಕ್ಕದಲ್ಲಿತ್ತು, ಒಂದು ಕಡೆ ಟೈರ್ ಅಂಗಡಿ, ಇನ್ನೊಂದು ಕಡೆ ಬಾರ್ಬೆಕ್ಯೂ ಹೋಟೆಲು. ಅದನ್ನು ನಡೆಸುತ್ತಿದ್ದವಳು ಲೊರೇನ್. ಅರವತ್ತು ದಾಟಿದ ಬಿಳಿಯ ಹೆಂಗಸು, ಗಂಡಸರಂತೆ ಕತ್ತರಿಸಿದ ಬೆಳ್ಳಿ ಕೂದಲು, ಪೊಲೀಸ್ ಕೆಲಸದಿಂದ ನಿವೃತ್ತಿಯಾದವಳು. ಯಶವಂತ್ ಗಾಜಿನೊಳಗಿನ ಹೊಳೆಯುವ ಹೊಸ ಪಿಸ್ತೂಲುಗಳನ್ನು ನೋಡುತ್ತಿದ್ದ. ಅವಳು ಕೆಳಗಿನ ಡ್ರಾಯರ್ ಎಳೆದು, ಕಪ್ಪು ಬಣ್ಣ ಅಲ್ಲಲ್ಲಿ ಸವೆದುಹೋದ ಒಂದನ್ನು ತೆಗೆದು ಬಟ್ಟೆಯ ಮೇಲಿಟ್ಟಳು.

"ಇದನ್ನ ನೋಡಿ. ಒಂದು ಊರಿನ ಪೊಲೀಸರದ್ದು. ಅವರಿಗೆ ಹೊಸದು ಬಂದಾಗ ಹಳೆಯದನ್ನೆಲ್ಲ ಒಟ್ಟಿಗೆ ನಮ್ಮಂಥ ಅಂಗಡಿಗಳಿಗೆ ಕೊಟ್ಟುಬಿಡ್ತಾರೆ."

"ತುಂಬಾ ಬಳಸಿದ ಹಾಗಿದೆಯಲ್ಲ" ಎಂದ ಯಶವಂತ್.

"ಬಳಸಿದ್ದಲ್ಲ, ಹೊತ್ತದ್ದು" ಎಂದಳು ಲೊರೇನ್. "ಸೊಂಟದ ಚೀಲಕ್ಕೆ ಹಾಕೋದು, ತೆಗೆಯೋದು, ಕಾರಿನ ಸೀಟಿಗೆ ಉಜ್ಜೋದು. ಅದಕ್ಕೇ ಮೂತಿ ಹತ್ತಿರ ಬಣ್ಣ ಹೋಗಿದೆ. ಗುಂಡು ಹಾರಿಸಿರೋದು ವರ್ಷಕ್ಕೊಂದೆರಡು ಸಲ, ಪರೀಕ್ಷೆಗೆ ಅಂತ. ಒಳಗೆ ಹೊಸದರ ಹಾಗೇ ಇದೆ."

ಅವಳು ಮೊದಲು ಗುಂಡು ತುಂಬುವ ಮ್ಯಾಗಜಿನ್ ತೆಗೆದಳು. ಆಮೇಲೆ ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಅಲ್ಲೇ ನಿಲ್ಲಿಸಿ, ಗುಂಡು ಕೂರುವ ಜಾಗಕ್ಕೆ ಕಣ್ಣು ಹಾಯಿಸಿದಳು. ಕಣ್ಣನ್ನೂ ನಂಬದವಳಂತೆ ಕಿರುಬೆರಳು ತೂರಿಸಿ ನೋಡಿದಳು. ಖಾಲಿ ಎಂದು ಖಾತ್ರಿಯಾದ ಮೇಲೆ ಅದನ್ನು ಯಶವಂತ್‌ಗೆ ಕೊಡದೆ ಹರಿಣಿಯ ಕಡೆ ಚಾಚಿದಳು. "ನಾನು ನೋಡಿದ್ದು ನನ್ನ ಲೆಕ್ಕಕ್ಕೆ. ಕೈಗೆ ಬಂದಾಗಲೆಲ್ಲ ನೀವೂ ನೋಡಬೇಕು."

ಹರಿಣಿ ನೋಡಿದಳು. ಅವಳು ಅಂದುಕೊಂಡಿದ್ದಕ್ಕಿಂತ ಭಾರವಿತ್ತು, ತಣ್ಣಗಿತ್ತು. ಹಿಡಿಯ ಬಲಭಾಗದ ಗೆರೆಗಳು ಸವೆದು ನುಣುಪಾಗಿದ್ದವು. ಯಾರದೋ ಅಂಗೈ ವರ್ಷಗಟ್ಟಲೆ ಅಲ್ಲಿ ಇದ್ದಿರಬೇಕು. ಆ ಮನುಷ್ಯ ಈಗ ಎಲ್ಲಿದ್ದಾನೋ, ಇದನ್ನು ಎಂದಾದರೂ ಯಾರ ಕಡೆಗಾದರೂ ಎತ್ತಿದ್ದನೋ ಎಂದು ಅವಳಿಗೆ ಕೇಳಬೇಕೆನಿಸಿತು. ಕೇಳಲಿಲ್ಲ. ಲೊರೇನ್‌ಗೂ ಗೊತ್ತಿರಲಿಕ್ಕಿಲ್ಲ.

ಇಬ್ಬರೂ ಸಿಟಿಜನ್ನರಾಗಿ ಕೆಲವು ವರ್ಷ ಆಗಿತ್ತು, ಹಾಗಾಗಿ ಕೊಳ್ಳುವವರ ಹಿನ್ನೆಲೆಯ ತಪಾಸಣೆ ಬೇಗ ಮುಗಿಯಿತು. ಪಿಸ್ತೂಲು ಯಶವಂತ್ ಹೆಸರಿನಲ್ಲಿ ಮನೆಗೆ ಬಂತು. ಮಲಗುವ ಕೋಣೆಯ ಕ್ಲಾಸೆಟ್‌ನಲ್ಲಿ ಗೋಡೆಗೆ ಬೋಲ್ಟ್ ಹಾಕಿದ ಸಣ್ಣ ಸೇಫಿನಲ್ಲಿ ಅದರ ವಾಸ. ಸೇಫಿನ ನಂಬರ್ ಗಂಡಹೆಂಡಿರಿಗೆ ಮಾತ್ರ ಗೊತ್ತು.

ಭಾನುವಾರ ಬೆಳಗ್ಗೆ ಲೊರೇನ್ ಕಲಿಸುತ್ತಿದ್ದಳು. ಅಂಗಡಿಯ ಹಿಂದೆಯೇ ಗುಂಡು ಹಾರಿಸುವ ಹಾಲ್. ಕಿವಿ ಮುಚ್ಚಿದ್ದರೂ ಪಕ್ಕದವನು ಹಾರಿಸಿದ ಗುಂಡಿನ ಸದ್ದು ಎದೆಗೂಡಿನೊಳಗೆ ಬಡಿಯುತ್ತಿತ್ತು. ಯಶವಂತ್‌ನ ಗುಂಡುಗಳೆಲ್ಲ ಗುರಿಯ ಕೆಳಗೆ ಹೋಗಿ ಬೀಳುತ್ತಿದ್ದವು. ಲೊರೇನ್ ಅವನಿಗೆ ಗೊತ್ತಾಗದ ಹಾಗೆ ಮ್ಯಾಗಜಿನ್ನಿನ ನಡುವೆ ಒಂದು ಸುಳ್ಳು ಗುಂಡು ಸೇರಿಸಿದಳು. ಅದರ ಸರದಿ ಬಂದಾಗ ಟ್ರಿಗರ್ ಟಕ್ ಎಂದಿತು, ಸದ್ದಿಲ್ಲ, ಹೊಗೆಯಿಲ್ಲ. ಆದರೂ ಪಿಸ್ತೂಲಿನ ಮೂತಿ ಗಕ್ಕನೆ ಕೆಳಗೆ ಬಗ್ಗಿತು.

"ನೋಡಿದ್ರಾ? ಏನೂ ಆಗದೇ ಇದ್ರೂ ನೀವು ಬೆಚ್ಚಿಬೀಳ್ತೀರ" ಎಂದಳು. "ಪಿಸ್ತೂಲು ಸರಿಯಾಗೇ ಇದೆ."

ಯಶವಂತ್ ನಕ್ಕುಬಿಟ್ಟ. ಹರಿಣಿಯೂ ನಕ್ಕಳು. ಕಳ್ಳತನವಾದ ಮೇಲೆ ಇಬ್ಬರೂ ಸೇರಿ ನಕ್ಕಿದ್ದು ಅದೇ ಮೊದಲು.

ಹರಿಣಿಯ ಕೈ ಮಾತ್ರ ಅಲುಗುತ್ತಿರಲಿಲ್ಲ. ಟ್ರಿಗರ್ ಎಲ್ಲಿಯವರೆಗೆ ಸಡಿಲ, ಎಲ್ಲಿ ಬಿಗಿ, ಎಲ್ಲಿ ಬಿಟ್ಟುಕೊಡುತ್ತದೆ ಎಂಬುದು ಅವಳ ಬೆರಳಿಗೆ ಬೇಗ ತಿಳಿಯಿತು. ಮನೆಗೆ ಬಂದು ಗ್ಯಾರೇಜಿನ ಮೇಜಿನ ಮೇಲೆ ಬಟ್ಟೆ ಹಾಸಿ ಇಬ್ಬರೂ ಅದನ್ನು ಬಿಚ್ಚುತ್ತಿದ್ದರು. ಸ್ಲೈಡು, ಅದರೊಳಗಿನ ನಳಿಕೆ, ಸುರುಳಿ ಸ್ಪ್ರಿಂಗು. ಉಜ್ಜಿ, ಒಂದೆರಡು ಹನಿ ಎಣ್ಣೆ ಬಿಟ್ಟು, ಮತ್ತೆ ಜೋಡಿಸುವುದು. ಗುರಿ ನೋಡುವ ಮೂರು ಚುಕ್ಕೆಗಳು ಹಿಂದೆ ಕತ್ತಲಲ್ಲಿ ಹೊಳೆಯುತ್ತಿದ್ದವಂತೆ, ಈಗ ಮಂಕಾಗಿದ್ದವು. ಹರಿಣಿಗೆ ಭಯ ಹೋಗಲಿಲ್ಲ, ಆದರೆ ಪಿಸ್ತೂಲಿನ ಪರಿಚಯವಾಯಿತು.

2022ರ ಆಯುಧಪೂಜೆಯ ದಿನ ಯಶವಂತ್ ಕಾರುಗಳಿಗೆ ಹೂವು ಹಾಕಿ, ಲ್ಯಾಪ್‌ಟಾಪಿಗೆ ಕುಂಕುಮವಿಟ್ಟು, "ಅದನ್ನೂ ತರಲಾ?" ಎಂದು ಕೇಳಿದ. ಹರಿಣಿ ಕಾರಿನ ಮೇಲಿನ ಹೂವು ಸರಿಪಡಿಸಿದಳು.

"ಬೇಡ. ಇದ್ರಿಂದೆಲ್ಲ ನಾವು ಅನ್ನ ತಿಂತೀವಿ. ಅದರಿಂದ ತಿನ್ನಲ್ಲ."

ಪಕ್ಕದಲ್ಲಿ ನಿಂಬೆಹಣ್ಣು ಹಿಡಿದು ನಿಂತಿದ್ದ ಶ್ರಾವಣಿ, "ಅಪ್ಪ, ಯಾರಾದ್ರೂ ಬಂದ್ರೆ ನೀವು ರಿಯಲೀ ಶೂಟ್ ಮಾಡ್ತೀರಾ?" ಎಂದು ಕೇಳಿದಳು. ಯಶವಂತ್ ಮಗಳ ಮುಖ ನೋಡಿದ. ಅವಳ ಕೈಯಿಂದ ನಿಂಬೆಹಣ್ಣು ತೆಗೆದುಕೊಂಡು ಕಾರಿನ ಚಕ್ರದ ಕೆಳಗೆ ಇಡಲು ಬಗ್ಗಿದ.

ಕಳ್ಳರು ಮತ್ತೆ ಬರಲಿಲ್ಲ. 2023ರ ಶರತ್ಕಾಲದಲ್ಲಿ ಬ್ಯಾಂಕು ಯಶವಂತ್‌ನ ಇಡೀ ತಂಡವನ್ನು ಮನೆಗೆ ಕಳಿಸಿತು. ಹದಿನೇಳು ವರ್ಷದ ಕೆಲಸ ಒಂದು ವೀಡಿಯೊ ಕಾಲ್‌ನಲ್ಲಿ ಮುಗಿಯಿತು.

ಮೊದಲ ಎರಡು ತಿಂಗಳು ಅವನು ಬೆಳಗ್ಗೆ ಷರ್ಟು ಇಸ್ತ್ರಿ ಮಾಡಿಕೊಂಡು ಕೂತು ಕೆಲಸಗಳಿಗೆ ಅಪ್ಲೈ ಮಾಡಿದ. ಇಂಟರ್ವ್ಯೂಗಳಲ್ಲಿ ತನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಂತೆ ಕಾಣುವವರು ಪ್ರಶ್ನೆ ಕೇಳುತ್ತಿದ್ದರು. ಆಮೇಲೆ ಇಸ್ತ್ರಿ ನಿಂತಿತು. ಆಮೇಲೆ ಅಪ್ಲೈ ಮಾಡುವುದೂ ನಿಂತಿತು. ಬೆಳಗಿನ ಜಾವಕ್ಕೇ ಎದ್ದು ಸೋಫಾದಲ್ಲಿ ಕೂತಿರುತ್ತಿದ್ದ. ತಟ್ಟೆಯಲ್ಲಿ ಅನ್ನ ಕಲಸಿ ಹಾಗೇ ಬಿಡುತ್ತಿದ್ದ. ಹರಿಣಿ ಕೇಳಿದರೆ, "ಏನಿಲ್ಲ, ಸುಸ್ತು" ಎನ್ನುತ್ತಿದ್ದ.

ಜನವರಿಯ ಕೊನೆಯಲ್ಲಿ ಅಭಿನವನ ಫೋನು ಬಂತು. ಅದೇ ಊರಿನ ಹುಡುಗ, ಯಶವಂತ್ ಜೊತೆ ವಾರವಾರ ಬ್ಯಾಡ್ಮಿಂಟನ್ ಆಡುತ್ತಿದ್ದವನು.

"ಅಕ್ಕಾ, ಯಶವಂತ್ ಸರ್ ಮನೆಗೆ ಬಂದು ಅವರ ರಾಕೆಟ್‌ಗಳನ್ನೆಲ್ಲ ನಂಗೆ ಕೊಟ್ಟು ಹೋದ್ರು. ಇನ್ನು ಆಡಲ್ಲ, ನೀನಿಟ್ಕೋ ಅಂದ್ರು. ಮಂಡಿ ನೋವಾ ಅವರಿಗೆ?"

"ಇಲ್ಲಪ್ಪ" ಎಂದಳು ಹರಿಣಿ. ಫೋನು ಇಟ್ಟ ಮೇಲೂ ಅವಳ ಕೈ ಅದರ ಮೇಲೇ ಇತ್ತು. ಹಿಂದಿನ ವಾರ ಯಶವಂತ್ ಕರೆಂಟು, ನೀರು, ಮನೆಯ ಸಾಲ ಎಲ್ಲದರ ಪಾಸ್‌ವರ್ಡುಗಳನ್ನು ಅವಳ ಫೋನಿಗೆ ಹಾಕಿಕೊಟ್ಟಿದ್ದ. ಒಳ್ಳೆಯದಾಯಿತು ಎಂದು ಅವಳು ಅಂದುಕೊಂಡಿದ್ದಳು.

ಆ ಶನಿವಾರ ಶ್ರಾವಣಿಯನ್ನು ರೊಬಾಟಿಕ್ಸ್ ಸ್ಪರ್ಧೆಗೆ ಬಿಟ್ಟು ಹರಿಣಿ ಕ್ಲಿನಿಕ್ಕಿಗೆ ಹೊರಟಿದ್ದಳು. ಅರ್ಧ ದಾರಿಯಲ್ಲಿ, ಯಾಕೆಂದು ಸರಿಯಾಗಿ ಹೇಳಲಾಗದಿದ್ದರೂ, ಅಲ್ಲಿಗೆ ಫೋನು ಮಾಡಿ ಇವತ್ತು ಬರುವುದಿಲ್ಲ ಎಂದು ಕಾರು ತಿರುಗಿಸಿದಳು.

ಗ್ಯಾರೇಜ್ ಬಾಗಿಲು ಮೇಲಕ್ಕೆ ಸರಿದಾಗ ಯಶವಂತ್ ಮೇಜಿನ ಮುಂದೆ ಕೂತಿದ್ದ. ಬಟ್ಟೆ ಹಾಸಿತ್ತು. ಪಿಸ್ತೂಲು ಬಿಚ್ಚಿ ಹರಡಿತ್ತು. ಇಬ್ಬರೂ ಗುಂಡು ಹಾರಿಸುವ ಹಾಲಿಗೆ ಹೋಗಿ ಬಹಳ ತಿಂಗಳಾಗಿತ್ತು, ಉಜ್ಜುವುದಕ್ಕೆ ಏನೂ ಇರಲಿಲ್ಲ. ಆದರೂ ನಳಿಕೆ ಕನ್ನಡಿಯಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಗುಂಡಿನ ಡಬ್ಬಿ ಇತ್ತು.

"ಬೇಗ ಬಂದ್ಬಿಟ್ಯಲ್ಲ" ಎಂದ. ಅವಳ ಕಡೆ ನೋಡಲಿಲ್ಲ.

ಹರಿಣಿ ಪಕ್ಕದ ಸ್ಟೂಲು ಎಳೆದು ಅವನ ಮಂಡಿಗೆ ಮಂಡಿ ತಾಗುವಂತೆ ಕೂತಳು. ಕ್ಲಿನಿಕ್ಕಿನಲ್ಲಿ ಅವರಿಗೆ ಹೇಳಿಕೊಟ್ಟಿದ್ದರು, ಇಂಥ ಸಂದೇಹ ಬಂದಾಗ ಸುತ್ತಿ ಬಳಸಬೇಡಿ, ನೇರವಾಗಿ ಕೇಳಿ ಎಂದು. ಕೇಳಿದರೆ ಇಲ್ಲದ ಯೋಚನೆ ಬರುವುದಿಲ್ಲ ಎಂದು. ರೋಗಿಗಳನ್ನು ಅವಳು ಕೇಳಿದ್ದೂ ಉಂಟು. ಈಗ ಗಂಡನನ್ನು ಕೇಳಿದಳು.

"ರೀ, ನನ್ನ ನೋಡಿ. ಸಾಯಬೇಕು ಅನ್ನಿಸ್ತಿದೆಯಾ ನಿಮಗೆ?"

ಹೊರಗೆ ಎದುರುಮನೆಯವರ ಎಲೆ ಊದುವ ಯಂತ್ರ ಸದ್ದು ಮಾಡುತ್ತಿತ್ತು. ಅದು ನಿಂತಿತು, ಮತ್ತೆ ಶುರುವಾಯಿತು.

"ದಿನಾ ಅಲ್ಲ" ಎಂದ ಯಶವಂತ್.

ಹರಿಣಿ ಅಳಲಿಲ್ಲ. ಅವನ ಕೈಯಲ್ಲಿದ್ದ ಎಣ್ಣೆಯ ಬಟ್ಟೆ ತೆಗೆದು ಪಕ್ಕಕ್ಕಿಟ್ಟಳು. "ಇದನ್ನ ನನಗೆ ಕೊಡಿ" ಎಂದಳು. ಅವನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡ, ಅಷ್ಟೇ. ಅವಳು ಸ್ಲೈಡು, ನಳಿಕೆ, ಸ್ಪ್ರಿಂಗು ಒಂದು ಚೀಲಕ್ಕೆ, ಹಿಡಿಯಿರುವ ಭಾಗ ಇನ್ನೊಂದಕ್ಕೆ, ಗುಂಡಿನ ಡಬ್ಬಿ ಮತ್ತೊಂದಕ್ಕೆ ಹಾಕಿದಳು. ಎರಡು ವರ್ಷದ ಕೆಳಗೆ ಇದನ್ನು ಮುಟ್ಟಲು ಹೆದರುತ್ತಿದ್ದ ಅವಳಿಗೆ ಈಗ ಪ್ರತಿ ತುಂಡೂ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆನೋ ಎಂದು ಅವಳು ಆಮೇಲೆ ಎಷ್ಟೋ ಸಲ ಯೋಚಿಸಿದ್ದುಂಟು. ಚೀಲಗಳನ್ನು ಕಾರಿನ ಡಿಕ್ಕಿಗೆ ಹಾಕಿ ಬೀಗ ಹಾಕಿದಳು.

"ಬನ್ನಿ, ಕೂತ್ಕೊಳ್ಳಿ."

"ಎಲ್ಲಿಗೆ?"

"ಲೊರೇನ್ ಹತ್ರ."

"ಎಲ್ಲರಿಗೂ ಗೊತ್ತಾಗುತ್ತೆ, ಹರಿಣಿ."

"ಗೊತ್ತಾಗಲಿ."

ಅಂಗಡಿಯಲ್ಲಿ ಶನಿವಾರದ ಜನ ಇದ್ದರು. ಲೊರೇನ್ ಇಬ್ಬರ ಮುಖ ನೋಡಿದಳು, ಕೌಂಟರಿಗೆ ಬೇರೆಯವನನ್ನು ನಿಲ್ಲಿಸಿ ಅವರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. "ಇದನ್ನ ಸ್ವಲ್ಪ ದಿನ ನೀವು ಇಟ್ಕೊಳ್ಳಬೇಕು" ಎಂದಳು ಹರಿಣಿ. ಯಾಕೆ ಎಂದು ಲೊರೇನ್ ಕೇಳಲಿಲ್ಲ.

"ಎಷ್ಟು ದಿನ ಬೇಕಾದ್ರೂ ಇರಲಿ" ಎಂದಳು. ಆಮೇಲೆ ಯಶವಂತ್ ಕಡೆ ತಿರುಗಿದಳು. "ನನ್ನ ಜೊತೆ ಕೆಲಸ ಮಾಡ್ತಿದ್ದವನೊಬ್ಬ ಇದ್ದ. ಹನ್ನೊಂದು ವರ್ಷ ಒಂದೇ ಕಾರಲ್ಲಿ ಓಡಾಡಿದ್ವಿ. ಯಾವ ಕಳ್ಳನೂ ಅವನಿಗೆ ಏನೂ ಮಾಡಲಿಲ್ಲ. ಅವನು ಹೀಗೆ ತನ್ನ ಪಿಸ್ತೂಲನ್ನ ತಂದು ಯಾರ ಕೈಗಾದ್ರೂ ಕೊಟ್ಟಿದ್ರೆ ಇವತ್ತಿಗೂ ಇರ್ತಿದ್ದ." ಯಶವಂತ್‌ನ ಭುಜ ಒಮ್ಮೆ ಬಿಗಿಯಾಗಿ ಹಿಡಿದು ಬಿಟ್ಟಳು. "ನೀವು ವಾಪಸ್ ಕೇಳೋಕೆ ಬರೋ ದಿನ ಇವರೂ ಜೊತೆಗೆ ಬರಬೇಕು. ಒಪ್ಪಿಗೆನಾ?"

ಯಶವಂತ್ ತಲೆಯಾಡಿಸಿದ.

ಶನಿವಾರ ಡಾಕ್ಟರ ಆಫೀಸು ಮುಚ್ಚಿತ್ತು. ಪಾರ್ಕಿಂಗಿನಲ್ಲಿ ಕಾರೊಳಗೆ ಕೂತು ಹರಿಣಿ 988ಕ್ಕೆ ಫೋನು ಮಾಡಿದಳು. ಇಂಥ ಹೊತ್ತಿಗೆಂದೇ ಇರುವ ನಂಬರು ಅದು. ಆ ಕಡೆ ಒಬ್ಬ ಹೆಂಗಸಿನ ದನಿ. ಹರಿಣಿ ಫೋನನ್ನು ಗಂಡನಿಗೆ ಕೊಟ್ಟು ಕಾರಿಂದ ಇಳಿಯಲು ಹೋದಳು. ಅವನು ಅವಳ ಮುಂಗೈ ಹಿಡಿದು ಕೂರಿಸಿಕೊಂಡ.

ಕನ್ನಡದಲ್ಲಿ ಹೆಂಡತಿಗೆ ಹೇಳಲಾಗದ್ದನ್ನೆಲ್ಲ ಅವನು ಇಂಗ್ಲಿಷಿನಲ್ಲಿ ಆ ಅಪರಿಚಿತಳಿಗೆ ಹೇಳಿದ. ನಿದ್ದೆಯಿಲ್ಲ ಎಂದ. ಎದೆಯ ಮೇಲೆ ಯಾರೋ ಕೂತ ಹಾಗಿರುತ್ತದೆ ಎಂದ. ಆವತ್ತು ಮಗಳನ್ನು ಕಾಪಾಡಲಾಗಲಿಲ್ಲ, ಈಗ ಸಾಕಲೂ ಆಗುತ್ತಿಲ್ಲ, ತಾನಿಲ್ಲದಿದ್ದರೆ ಇಬ್ಬರಿಗೂ ಹಗುರ ಎಂದ. ಹರಿಣಿ ಪಕ್ಕದಲ್ಲಿ ಕೂತು ಪ್ರತಿ ಮಾತನ್ನೂ ಕೇಳಿಸಿಕೊಂಡಳು.

ಸಂಜೆ ಶ್ರಾವಣಿಯಿಂದ ಮುಚ್ಚಿಡಲಿಲ್ಲ. "ಅಪ್ಪನಿಗೆ ಹುಷಾರಿಲ್ಲ. ಮನಸ್ಸಿಗೆ. ಟ್ರೀಟ್‌ಮೆಂಟ್ ತಗೋತಾರೆ" ಎಂದಳು ಹರಿಣಿ. "ಐ ನೋ, ಅಮ್ಮ" ಎಂದಳು ಮಗಳು. "ಐ ವಾಸ್ ವೇಟಿಂಗ್ ಫಾರ್ ಯು ಟು ನೋ." ಅಪ್ಪನ ಪಕ್ಕ ಹೋಗಿ ಸೋಫಾದಲ್ಲಿ ಕೂತು, ತನ್ನ ಹೋಮ್‌ವರ್ಕ್ ತೆರೆದಳು.

ಮಾತ್ರೆಗಳು ಶುರುವಾದವು. ಅಟ್ಲಾಂಟಾದಲ್ಲಿ ಅಕ್ಷಯಾ ಎಂಬ ಕನ್ನಡದ ಸೈಕಾಲಜಿಸ್ಟ್ ಇದ್ದರು, ವಾರಕ್ಕೊಮ್ಮೆ ವೀಡಿಯೊದಲ್ಲಿ ಮಾತಾಡುತ್ತಿದ್ದರು. ಯಶವಂತ್ ಮೊದಮೊದಲು ಅವರ ಜೊತೆಗೂ ಇಂಗ್ಲಿಷೇ. ಏಪ್ರಿಲ್ ಹೊತ್ತಿಗೆ ಮುಚ್ಚಿದ ಬಾಗಿಲಾಚೆಯಿಂದ ಅವನ ಕನ್ನಡ ಕೇಳಿಸತೊಡಗಿತು. ಪದಗಳು ಕೇಳಿಸುತ್ತಿರಲಿಲ್ಲ, ರಾಗ ಮಾತ್ರ. ಹರಿಣಿ ಬೇಕೆಂದೇ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ನಿಲ್ಲುತ್ತಿದ್ದಳು.

ಎಲ್ಲವೂ ಸುಧಾರಿಸುತ್ತಲೇ ಹೋಗಲಿಲ್ಲ. ಬೇಸಿಗೆಯಲ್ಲಿ ಕೈಗೆ ಬಂದಿದ್ದ ಒಂದು ಕೆಲಸ ಕೊನೆಯ ಗಳಿಗೆಯಲ್ಲಿ ತಪ್ಪಿತು. ಆ ವಾರ ಯಶವಂತ್ ತಾನೇ ಲೊರೇನ್‌ಗೆ ಫೋನು ಮಾಡಿ ಪಿಸ್ತೂಲು ಬೇಕು ಎಂದ. "ಹರಿಣಿ ಜೊತೆ ಬನ್ನಿ" ಎಂದಳು ಅವಳು.

"ನನ್ನ ಹೆಸರಲ್ಲಿರೋ ವಸ್ತು, ನಿನ್ನ ಪರ್ಮಿಷನ್ ಯಾಕೆ ಬೇಕು?" ಎಂದು ಅವನು ಹೆಂಡತಿಯ ಮೇಲೆ ಕೂಗಾಡಿದ. ಮದುವೆಯಾದಾಗಿನಿಂದ ಅವನು ಅಷ್ಟು ಜೋರಾಗಿ ಮಾತಾಡಿದ್ದಿಲ್ಲ.

"ನೀವೇ ಒಪ್ಪಿದ್ರಿ. ನಾನು ಬರಲ್ಲ" ಎಂದಳು ಹರಿಣಿ. ಅಕ್ಷಯಾಗೆ ಫೋನು ಮಾಡಿದಳು, ಡಾಕ್ಟರು ಮಾತ್ರೆ ಬದಲಾಯಿಸಿದರು. ಒಂದು ವಾರ ಗಂಡ ಅವಳ ಜೊತೆ ಮಾತು ಬಿಟ್ಟಿದ್ದ. ಅವಳು ರಜೆ ಹಾಕಿ ಮನೆಯಲ್ಲೇ ಇದ್ದಳು. ಅವನ ಸಿಟ್ಟು ಅವಳಿಗೆ ಹಿತವಾಗಿಯೇ ಇತ್ತು. ಸಿಟ್ಟೂ ಇಲ್ಲದೆ ಸೋಫಾದಲ್ಲಿ ಕೂತಿರುತ್ತಿದ್ದ ಗಂಡನಿಗೇ ಅವಳು ಹೆದರುತ್ತಿದ್ದದ್ದು.

ಆ ವರ್ಷದ ಕೊನೆಗೆ ಅವನಿಗೆ ಪಕ್ಕದ ಕೌಂಟಿಯ ಶಾಲೆಗಳ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಬ್ಯಾಂಕಿನಷ್ಟು ದೊಡ್ಡದಲ್ಲ. ಮಧ್ಯಾಹ್ನದ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿಕೊಂಡು ಬರುತ್ತಿದ್ದ. 2025ರ ಮಾರ್ಚಿನಲ್ಲಿ, ಡಾಗ್‌ವುಡ್ ಗಿಡಗಳು ಹೂ ಬಿಡುತ್ತಿದ್ದಾಗ, ಒಂದು ಬೆಳಗ್ಗೆ ದೋಸೆ ತಿನ್ನುತ್ತಾ ಕೇಳಿದ: "ಲೊರೇನ್ ಹತ್ರ ಹೋಗಿಬರೋಣ್ವಾ?"

ಹರಿಣಿಯ ಕೈಯಲ್ಲಿ ಸಟ್ಟುಗ ನಿಂತಿತು. "ಯಾಕೆ?"

"ಎಷ್ಟು ದಿನ ಅಂತ ಅವರ ಹತ್ರ ಇರುತ್ತೆ. ಏನಾದ್ರೂ ಒಂದು ಮಾಡ್ಬೇಕು."

ಏನು ಎಂದು ಅವನು ಹೇಳಲಿಲ್ಲ. ಅವಳು ಅಕ್ಷಯಾ ಜೊತೆ ಮಾತಾಡಿದಳು. ಅವನೂ ಆಗಲೇ ಮಾತಾಡಿದ್ದನಂತೆ. ಶನಿವಾರ ಇಬ್ಬರೂ ಹೋದರು. ಅಂಗಡಿಯ ಮುಂದೆ ಕಾರು ನಿಲ್ಲಿಸಿದಾಗ ಅವನೆಂದ, "ನೀನು ಇಲ್ಲೇ ಇರು. ನಾನೊಬ್ಬನೇ ಒಳಗೆ ಹೋಗಿ ಬರ್ತೀನಿ."

"ಒಪ್ಪಂದ ಹಾಗಿರಲಿಲ್ಲ."

"ಜೊತೆಗೆ ಬಂದಿದ್ದೀಯಲ್ಲ. ಇಲ್ಲಿವರೆಗೂ." ಅವನು ಅವಳ ಮುಖವನ್ನೇ ನೋಡುತ್ತಿದ್ದ. ಕಣ್ಣು ತಪ್ಪಿಸಲಿಲ್ಲ. "ಆಗಲ್ಲ ಅಂದ್ರೆ ಹೇಳು. ವಾಪಸ್ ಹೋಗೋಣ."

ಹರಿಣಿ ಸ್ಟೀರಿಂಗ್ ಹಿಡಿದು ಕೂತಿದ್ದಳು. ಆಗಲ್ಲ ಎನ್ನಬೇಕೆನಿಸಿತು. ಬದುಕಿರುವ ತನಕ ಇವನನ್ನು ಹೀಗೆ ಕಾಯುತ್ತಲೇ ಇರುತ್ತೇನಾ, ಇವನು ಕಾಯಿಸಿಕೊಳ್ಳುತ್ತಲೇ ಇರುತ್ತಾನಾ ಎಂದೂ ಅನ್ನಿಸಿತು. "ಹೋಗಿಬನ್ನಿ" ಎಂದಳು.

ಅವನು ಒಳಗೆ ಹೋದ. ಗಾಜಿನ ಬಾಗಿಲಲ್ಲಿ ಆಕಾಶ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬಾರ್ಬೆಕ್ಯೂ ಹೊಗೆ ಗಾಳಿಯಲ್ಲಿ ಬರುತ್ತಿತ್ತು. ಯಾರೋ ಟೈರ್ ಉರುಳಿಸಿಕೊಂಡು ಹೋದರು. ಅವಳು ಒಮ್ಮೆ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟಳು, ಮತ್ತೆ ಒಳಗೆಳೆದುಕೊಂಡಳು. ಕ್ಲಾಸೆಟ್‌ನಲ್ಲಿ ಕೂತ ಮಗಳಿಗೆ ಆ ಸಂಜೆ ಹೊತ್ತು ಹೇಗೆ ಕಳೆದಿರಬಹುದು ಎಂದು ಅವಳಿಗೆ ಆಗ ಅರ್ಥವಾಯಿತು.

ಯಶವಂತ್ ಬರಿಗೈಯಲ್ಲಿ ಹೊರಗೆ ಬಂದ. ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡ.

"ಮಾರಿಬಿಡಿ ಅಂದೆ" ಎಂದ. "ಮಾರೋ ಮುಂಚೆ ಒಂದ್ಸಲ ನೋಡ್ತೀರಾ ಅಂತ ಕೇಳಿದ್ಲು. ನೋಡ್ತೀನಿ ಅಂದೆ. ಅವಳೇ ಕೈಗೆ ಕೊಟ್ಲು. ಮ್ಯಾಗಜಿನ್ ತೆಗೆದೆ, ಸ್ಲೈಡ್ ಎಳೆದೆ, ಒಳಗೆ ನೋಡಿದೆ. ಖಾಲಿ ಇತ್ತು. ವಾಪಸ್ ಕೊಟ್ಟೆ."

"ಏನನ್ನಿಸ್ತು?"

"ಭಾರ ಇತ್ತು. ಕೆಳಗಿಟ್ರೆ ಸಾಕು ಅನ್ನಿಸ್ತು, ಅಷ್ಟೇ."

ಹರಿಣಿ ಗಾಡಿ ಸ್ಟಾರ್ಟ್ ಮಾಡಲು ಹೋದಳು. ಆಗಲಿಲ್ಲ. ಗ್ಯಾರೇಜಿನಲ್ಲಿ ಅಳದವಳು, ಈ ಒಂದು ವರ್ಷ ಎಲ್ಲೂ ಅಳದವಳು, ಅಲ್ಲಿ ಹಾಡಹಗಲಲ್ಲಿ, ಜನ ಓಡಾಡುವ ಪಾರ್ಕಿಂಗಿನಲ್ಲಿ, ಸ್ಟೀರಿಂಗಿಗೆ ಹಣೆ ಹಚ್ಚಿ ದನಿ ತೆಗೆದು ಅತ್ತಳು. ಯಶವಂತ್ ಅವಳ ಬೆನ್ನ ಮೇಲೆ ಕೈಯಿಟ್ಟು, ಅವಳ ಅಳು ಮುಗಿಯುವವರೆಗೂ ಹಾಗೇ ಕೂತಿದ್ದ.